ಮಾಗೆ ಅಂದ್ರ ಮ್ಯಾಗ ಅಲ್ಲ

ದೋಸ್ತರೇ, ನನ್ನ ಸೈಕಲ್ಲಿನ ಬ್ಯಾಟರಿ ಗೇರ್ ನೋಡ್ಲಾಕ ನಮ್ಮೂರು ನಿಲಂಗಾಕ್ಕ ಬರ್ತೀವಿ ಅಂದವರು ಬರಬ್ಯಾಡ್ರಿ. ಇವತ್ತ ಮುಂಜಾನೆ ಮನ್ಯಾಗೇ ನಾನೇ ಕೂಡಿಸ್ಲಾಕತ್ತಿದ್ದೆ. ಪುಣೆದ ಸೈಕಲ್ ಮಿಸ್ತ್ರಿ ಫೋನಿನ್ಯಾಗ ಮರಾಠಿಲೆ ಹೇಳ್ತಿದ್ದ, ಫೋನ್ ಕಿವಿಗಿಟ್ಟ ಅಪ್ಪ ಅದನ್ನ ಕೇಳಿ ನನಗ ಕನ್ನಡದಾಗ ಹೇಳ್ತಿದ್ರು.

“ಮ್ಯಾಗ ತಗೋ ಅಂತಾನ,” ಅಂದ್ರು ಅಪ್ಪ. ಬಟನ್ ಒತ್ತಿ ಪೆಡಲ್ ತಿರುವಿದೆ. ಗೇರ್ ಮ್ಯಾಗ ಏರಿ, ಹಿಂದಿನ ಗಾಲಿ ಸ್ಪೋಕಿನ್ಯಾಗ ಸಿಕ್ಕು ಲಟಕ್ಕನ ಮುರೀತು.

“ಅಹೋ, ಮಾಗೆ ಮ್ಹಣಾಲೋ, ಮಾಗೆ!” ಮಿಸ್ತ್ರಿ ಚೀರಿದ. ಅವ ಹೇಳಿದ್ದು ಹಿಂದಕ್ಕ ಅಂತ; ಮರಾಠಿದಾಗ ಮಾಗೆ ಅಂದ್ರ ಹಿಂದಕ್ಕ.

“ನಿಮಗ ಕಿವಿ ಕೇಳಂಗಿಲ್ಲೇನ್ರಿ?” ಅಂದೆ ಅಪ್ಪಗ. ಅನಬಾರದಿತ್ತು.

ಗೇರಿಂದು ಬಿಡ್ರಿ, ಹೊಸಾದು ಸಿಗ್ತದ. ಬಜಾರದಾಗ ನಲವತ್ತು ವರ್ಷ ಎರಡೂ ಭಾಷೆದಾಗ ಬಟ್ಟಿ ಅರಿವಿ ಮಾರಿದ ಅಪ್ಪ, ಮುಂಜಾನಿಂದ ಎರಡರಾಗೂ ಮಾತಾಡವಲ್ರು.