ಮೂರನೆಯ ಸಲ ಕೇಳಿದರೆ

ಆರ್ಡಿಸ್ ಹೌಗೆನ್ ತನ್ನ ಎಪ್ಪತ್ತೊಂದು ವರ್ಷಗಳಲ್ಲಿ ಯಾರ ಹತ್ತಿರವೂ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಹಾಗೆಂದು ಅವಳಿಗೆ ಏನೂ ಬೇಕಿರಲಿಲ್ಲ ಎಂದಲ್ಲ. ಮಿನ್ನೆಸೋಟದ ಆ ಸರೋವರದ ದಡದ ಊರಿನಲ್ಲಿ ಬೇಕು ಎನ್ನುವುದಕ್ಕೂ ಒಂದು ಮರ್ಯಾದೆಯಿದೆ. ಯಾರಾದರೂ ಕಾಫಿ ಕೊಡಲು ಬಂದರೆ ಮೊದಲ ಸಲ ‘ಅಯ್ಯೋ, ಬೇಡ’ ಎನ್ನಬೇಕು. ಎರಡನೆಯ ಸಲ ‘ನಿಮಗ್ಯಾಕೆ ತೊಂದರೆ’ ಎನ್ನಬೇಕು. ಮೂರನೆಯ ಸಲ ಕೇಳಿದಾಗ ‘ಹೇಗೂ ಮಾಡಿದೀರಲ್ಲ, ಅರ್ಧ ಲೋಟ ಕೊಡಿ’ ಎನ್ನಬೇಕು. ಕೊಡುವವರು ಲೋಟದ ತುಂಬ ಸುರಿಯಬೇಕು. ಮೊದಲ ಸಲಕ್ಕೇ ಹೂಂ ಎಂದವರನ್ನು ಊರಿನವರು ಏನೂ ಅನ್ನುವುದಿಲ್ಲ. ಆದರೆ ಇಪ್ಪತ್ತು ವರ್ಷ ಮರೆಯುವುದಿಲ್ಲ.

ಮೂವತ್ತೆರಡು ವರ್ಷ ಅವಳು ಶಾಲೆಯ ಬಸ್ಸು ಓಡಿಸಿದ್ದಳು. ಅವಳ ಬಸ್ಸಿನಲ್ಲಿ ಗಲಾಟೆ ಮಾಡಿ ಬೈಸಿಕೊಂಡ ಹುಡುಗರ ತಲೆಗಳು ಈಗ ಬೋಳಾಗಿವೆ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ, ನೆರೆಮನೆಯ ವೆರ್ಲಿನ್ ಓಕ್‌ಸ್ಟಾಡನ ಜೊತೆ ಸೇರಿ ‘ಸವಾರಿ ಸಂಘ’ ಕಟ್ಟಿದಳು. ಒಂದು ಹಳೆಯ ವ್ಯಾನು, ಮುದುಕರನ್ನು ಆಸ್ಪತ್ರೆಗೆ ಬಿಟ್ಟಿಯಾಗಿ ಕರೆದೊಯ್ಯುವುದು, ಸಂಘವೆಂದರೆ ಅಷ್ಟೇ. ಅಧ್ಯಕ್ಷೆಯೂ ಅವಳೇ, ಚಾಲಕಿಯೂ ಅವಳೇ.

ಕೊರೋನಾ ಬಂದು ಊರಿನ ಬಾಗಿಲುಗಳೆಲ್ಲ ಮುಚ್ಚಿಕೊಂಡರೂ ಮೂತ್ರಪಿಂಡ ಕೆಟ್ಟವರು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಲೇಬೇಕಲ್ಲ. ಆರ್ಡಿಸ್ ಎರಡು ಮಾಸ್ಕು, ಎರಡು ಕೋಟು ತೊಟ್ಟು, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕಿಟಕಿಗಳನ್ನೆಲ್ಲ ತೆರೆದಿಟ್ಟು ವ್ಯಾನು ಓಡಿಸಿದಳು. ರೋಗದಿಂದ ಉಳಿದರೂ ನಿನ್ನ ಗಾಳಿಯಿಂದ ಉಳಿಯೋಲ್ಲ ಎಂದು ಹಿಂದಿನ ಸೀಟಿನವರು ಕಂಬಳಿಯೊಳಗಿಂದ ಗೊಣಗುತ್ತಿದ್ದರು. ಒಬ್ಬರೂ ಸಾಯಲಿಲ್ಲ. ಸತ್ತದ್ದು ವ್ಯಾನು, ಅಥವಾ ಸಾಯಲು ಹೊರಟದ್ದು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅದರ ತಳವನ್ನು ತಿಂದುಹಾಕಿ, ಎರಡನೆಯ ಸಾಲಿನಲ್ಲಿ ರಸ್ತೆಯೇ ಕಾಣುವಂಥ ತೂತು ಮಾಡಿತ್ತು. ಆರ್ಡಿಸ್ ಅದರ ಮೇಲೆ ಬಿಸ್ಕತ್ತು ಬೇಯಿಸುವ ತಗಡಿನ ತಟ್ಟೆ ಮುಚ್ಚಿದ್ದಳು. ಗ್ಯಾರೇಜಿನವನು ನೋಡಿ, ಇನ್ನೊಂದು ಚಳಿಗಾಲ ಇದು ಜಪ್ಪಯ್ಯ ಎಂದರೂ ದಾಟುವುದಿಲ್ಲ ಎಂದ. ಆ ತೂತಿನ ಸೀಟು ವೆರ್ಲಿನನದು. ಡಯಾಲಿಸಿಸ್‌ಗೆ ಹೋಗುವ ಒಂಬತ್ತು ಜನರಲ್ಲಿ ಅವನೂ ಒಬ್ಬ. ಅವನಿಗೆ ಬೇರೆ ಗಾಡಿಯಿಲ್ಲ, ಕರೆದೊಯ್ಯಲು ಬೇರೆ ಜನವೂ ಇಲ್ಲ.

ಕೊರೋನಾದಲ್ಲಿ ನಲುಗಿದ ಸಂಘಗಳಿಗೆ ನಗರಸಭೆ ಪರಿಹಾರ ಕೊಡುತ್ತದೆ ಎಂದು ತಿಳಿದು ಅರ್ಜಿ ಹಾಕಿದವನೂ ವೆರ್ಲಿನನೇ. ಒಂದು ಬೆಳಿಗ್ಗೆ ಆರ್ಡಿಸಳಿಗೆ ಫೋನು ಬಂತು. ಮಾತಾಡಿದವಳು ಮರಿಸೋಲ್ ಟ್ರೆವಿನ್ಯೊ, ಎರಡು ತಿಂಗಳ ಹಿಂದಷ್ಟೇ ಟೆಕ್ಸಸ್ಸಿನ ದಕ್ಷಿಣದ ಅಂಚಿನಿಂದ ಬಂದು ನಗರಸಭೆಯ ಕೆಲಸಕ್ಕೆ ಸೇರಿದವಳು. ನಿಮ್ಮ ಸಂಘಕ್ಕೆ ನಲವತ್ತು ಸಾವಿರ ಡಾಲರ್ ಎತ್ತಿಟ್ಟಿದ್ದೇವೆ, ಒಪ್ಪಿಗೆಯೇ ಎಂದು ಕೇಳಿದಳು.

“ಅಯ್ಯೋ, ನಮಗ್ಯಾಕೆ ಬಿಡಿ,” ಎಂದಳು ಆರ್ಡಿಸ್. “ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದಾರೆ.”

ಫೋನು ಇಟ್ಟಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಮರುವಾರ ಅದನ್ನೇ ಕೇಳಿ ಕಾಗದ ಬಂತು. ಹೂವಿನ ಚಿತ್ರವಿದ್ದ ಕಾರ್ಡಿನಲ್ಲಿ, ನಿಮಗೆ ಸುಮ್ಮನೆ ತೊಂದರೆ, ನಾವು ಹೇಗೋ ನಡೆಸಿಕೊಂಡು ಹೋಗುತ್ತಿದ್ದೇವೆ ಎಂದು ದುಂಡಗೆ ಬರೆದು ಕಳಿಸಿದಳು. ಅಲ್ಲಿಗೆ ಎರಡಾಯಿತು. ಒಳ್ಳೆಯ ವ್ಯಾನು ಇದ್ದರೆ ನೋಡಿಡು ಎಂದು ಗ್ಯಾರೇಜಿನವನಿಗೂ ಹೇಳಿಟ್ಟು ಮೂರನೆಯದಕ್ಕೆ ಕಾದಳು.

ಹತ್ತು ದಿನವಾದರೂ ಫೋನಿಲ್ಲ. ಆಸ್ಪತ್ರೆಯ ದಾರಿಯಲ್ಲಿ ವೆರ್ಲಿನ್ ವಿಚಾರಿಸಿದಾಗ ನಡೆದದ್ದನ್ನೆಲ್ಲ ಹೇಳಿದಳು. ಅವಳು ಮಾಡಿದ್ದರಲ್ಲಿ ಅವನಿಗೂ ತಪ್ಪು ಕಾಣಲಿಲ್ಲ. ಆ ಹುಡುಗಿಯೇ ಸ್ವಲ್ಪ ನಿಧಾನ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಆದರೆ ಶುಕ್ರವಾರ ಪರಿಹಾರದ ಪಟ್ಟಿ ಮುಗಿಯುತ್ತದೆ ಎಂದು ಪತ್ರಿಕೆಯಲ್ಲಿ ಬಂದಾಗ ವೆರ್ಲಿನ್ ತಗಡಿನ ಮೇಲಿಂದ ಕಾಲೆತ್ತಿಕೊಂಡು ಹೇಳಿದ:

“ಒಂದ್ಸಲ ಹೋಗ್ಬಾ. ಕೇಳೋಕಲ್ಲ. ಸುಮ್ನೆ ಮುಖ ತೋರಿಸಿ ಬಾ.”

ಶುಕ್ರವಾರ ಆರ್ಡಿಸ್ ಒಂದು ತಟ್ಟೆ ನಿಂಬೆಯ ಸಿಹಿ ಮಾಡಿಕೊಂಡು ನಗರಸಭೆಗೆ ಹೋದಳು. ಮರಿಸೋಲ್ ಖುಷಿಯಿಂದ ಕೂರಿಸಿ, ಕಾಫಿಯ ಪಾತ್ರೆ ಎತ್ತಿ, ಕುಡೀತೀರಾ ಎಂದಳು.

“ಅಯ್ಯೋ, ಬೇಡ,” ಎಂದಳು ಆರ್ಡಿಸ್.

“ಸರಿ,” ಎಂದಳು ಮರಿಸೋಲ್. ತನಗೆ ಬಗ್ಗಿಸಿಕೊಂಡು ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಆಮೇಲೆ ಆರ್ಡಿಸ್ ತಗೊಳ್ಳಿ ಎಂದ ಒಂದೇ ಮಾತಿಗೆ ನಿಂಬೆಯ ಸಿಹಿ ಎತ್ತಿಕೊಂಡು ಕಚ್ಚಿದಳು.

ಆರ್ಡಿಸ್ ಆ ಪಾತ್ರೆಯನ್ನು ನೋಡಿದಳು. ನಲವತ್ತು ಸಾವಿರವೂ ಹೀಗೆಯೇ ಒಲೆಯ ಮೇಲೆ ವಾಪಸ್ಸು ಹೋಗಿದೆ. ಈ ಹುಡುಗಿ ನಿಧಾನವೂ ಅಲ್ಲ, ಒರಟೂ ಅಲ್ಲ. ಬೇಡ ಎಂದರೆ ಬೇಡ ಎಂದೇ ತಿಳಿಯುವವಳು.

ಪಟ್ಟಿಯನ್ನು ಇನ್ನು ಅರ್ಧ ಗಂಟೆಯಲ್ಲಿ ಮೇಲಕ್ಕೆ ಕಳಿಸುತ್ತೇನೆ, ನಿಮ್ಮ ಪಾಲು ಬೇರೆಯವರಿಗೆ ಹೋಗುತ್ತದೆ, ಇಂಥ ದೊಡ್ಡ ಮನಸ್ಸನ್ನು ನಾನೆಲ್ಲೂ ಕಂಡಿಲ್ಲ ಎಂದು ಮರಿಸೋಲ್ ಹೊಗಳಿದಳು. ಆ ಹೊಗಳಿಕೆಯನ್ನು ಹೊತ್ತುಕೊಂಡು ಮರ್ಯಾದೆಯಾಗಿ ಎದ್ದುಹೋಗಬಹುದಿತ್ತು. ಆರ್ಡಿಸಳ ಕಾಲುಗಳು ಅದಕ್ಕೆ ತಯಾರಾಗಿಯೂ ಇದ್ದವು. ಆದರೆ ಕಣ್ಣ ಮುಂದೆ ಬಂದದ್ದು ತಗಡಿನ ಮೇಲೆ ಹಗುರಾಗಿ, ಅಂಜುತ್ತ ಇಟ್ಟ ವೆರ್ಲಿನನ ಎರಡು ಕಾಲು. ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು.

“ಮರಿಸೋಲ್, ನಂಗೆ ಕಾಫಿ ಬೇಕು.”

ಮರಿಸೋಲ್ ಎದ್ದು ಪಾತ್ರೆ ತಂದಳು.

“ದುಡ್ಡೂ ಬೇಕು. ಮೊದಲ್ನೇ ಸಲಾನೂ ಬೇಕಿತ್ತು, ಎರಡ್ನೇ ಸಲಾನೂ ಬೇಕಿತ್ತು.”

“ಮತ್ತೆ ಬೇಡ ಅಂತ ಯಾಕಂದ್ರಿ?”

“ನೀನು ಮೂರ್ನೇ ಸಲ ಕೇಳ್ಲೇ ಇಲ್ವಲ್ಲವ್ವ.”

ಮರಿಸೋಲ್ ಪಾತ್ರೆ ಹಿಡಿದುಕೊಂಡೇ ನಕ್ಕಳು. ನಮ್ಮೂರಲ್ಲಿ ಅಮ್ಮಂದಿರು ಕೇಳುವುದೇ ಇಲ್ಲ, ನೇರ ತಟ್ಟೆಗೆ ಬಡಿಸಿಬಿಡುತ್ತಾರೆ ಎಂದಳು. ಕಂಪ್ಯೂಟರಿನತ್ತ ತಿರುಗಿ ಸವಾರಿ ಸಂಘದ ಹೆಸರನ್ನು ಪಟ್ಟಿಯಲ್ಲಿ ವಾಪಸ್ಸು ಕೂರಿಸಿದಳು. ಆಮೇಲೆ ಏನೋ ಹೊಳೆದು ಬೆನ್ನು ನೆಟ್ಟಗೆ ಮಾಡಿಕೊಂಡು, ಮದುವೆಗೆ ಕರೆಯಲು ಬಂದವಳ ಗಾಂಭೀರ್ಯದಿಂದ ಕೇಳಿದಳು:

“ಆರ್ಡಿಸ್ ಅವರೇ, ನಗರಸಭೆ ನಿಮ್ಮ ಸಂಘಕ್ಕೆ ನಲವತ್ತು ಸಾವಿರ ಕೊಡಬೇಕು ಅಂತಿದೆ. ತಗೋತೀರಾ?”

ಇದು ಮೂರನೆಯ ಸಲ. ಎಪ್ಪತ್ತೊಂದು ವರ್ಷ ಪಳಗಿದ ನಾಲಿಗೆ ತಾನಾಗಿಯೇ ಹೊರಳಿತು.

“ಹೇಗೂ ಎತ್ತಿಟ್ಟಿದೀರಲ್ಲ, ಒಂದರ್ಧ...” ಎಂದವಳು ಮರಿಸೋಲಳ ಬೆರಳು ನಿಜವಾಗಿಯೂ ಕೀಲಿಮಣೆಯತ್ತ ಹೋಗುವುದನ್ನು ಕಂಡು ಆ ಕೈಯನ್ನು ಗಪ್ಪನೆ ಹಿಡಿದುಕೊಂಡಳು.

“ಅರ್ಧ ಅಲ್ಲ ಕಣೆ,” ಎಂದಳು. “ಪೂರ್ತಿ.”