ಮಂದಿ ಬಳಸಿದ ಮಷೀನು

ನಮ್ಮ ಮನೆಯ ಹೊಲಿಗೆ ಮಷೀನು ಯಾವ ಅಂಗಡಿಯ ಗಾಜಿನ ಹಿಂದಿನಿಂದಲೂ ಬಂದದ್ದಲ್ಲ. ಈಗಿರುವ ಮಿಕ್ಸರು, ಇಸ್ತ್ರಿ, ನಾನು ಕೌದಿಗೆ ಹಾಕುವ ಬಟ್ಟೆ, ದಾರ, ಯಾವುದೂ ಅಲ್ಲ. ಎಲ್ಲವೂ ಇನ್ನೊಬ್ಬರ ಮನೆಯಲ್ಲಿ ಒಂದಷ್ಟು ವರ್ಷ ಬಾಳಿ, ಆಮೇಲೆ ನನ್ನ ಹತ್ತಿರ ಬಂದವು. ಇದನ್ನು ನಾನು ತಲೆ ತಗ್ಗಿಸಿ ಹೇಳುತ್ತಿಲ್ಲ. ಆಗಲೂ ತಗ್ಗಿಸಲಿಲ್ಲ. ಅದೇ ದೊಡ್ಡ ರಂಪವಾಯಿತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಯಜಮಾನರಿಗೆ ಮಡಗಾಂವಿನ ಆಫೀಸಿಗೆ ವರ್ಗವಾಯಿತು. ಧಾರವಾಡದ ಮನೆ ಬಿಟ್ಟು ಫಾತೋರ್ಡಾದಲ್ಲಿ ಫ್ಲ್ಯಾಟು ಹಿಡಿದೆವು. ಮಾವ ತೀರಿಕೊಂಡಿದ್ದರು, ಹಾಗಾಗಿ ಅತ್ತೆಯೂ ನಮ್ಮ ಜೊತೆಗೇ ಬಂದರು. ಗೋವಾದಲ್ಲಿ ಘಟ್ಟದ ಮೇಲಿನಿಂದ ಬಂದವರನ್ನೆಲ್ಲ 'ಘಾಟಿ' ಅಂತ ಮೂದಲಿಸುತ್ತಾರೆ. ವಿಜಯಪುರ, ಗದಗದ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರಿಗೂ ಅದೇ ಹೆಸರು, ಇಸ್ತ್ರಿ ಅಂಗಿ ತೊಟ್ಟು ಆಫೀಸಿಗೆ ಹೋಗುವವರಿಗೂ ಅದೇ ಹೆಸರು. ನಮ್ಮ ಯಜಮಾನರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು. ಮಾರ್ಕೆಟ್ಟಿನ ಹಿಂದೆ ಹಳೆ ಬಟ್ಟೆ ಗುಡ್ಡೆ ಹಾಕಿ ಮಾರುವ ಕಡೆ ನಮ್ಮದೇ ಕನ್ನಡ ಕೇಳಿಸಿದರೆ ಅವರು ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದರು. ಆದ್ದರಿಂದ ಮನೆಗೆ ಏನೇ ಬಂದರೂ ಹೊಸದೇ ಬರಬೇಕು, ದೊಡ್ಡ ಅಂಗಡಿಯಿಂದಲೇ ಬರಬೇಕು. ಟಿವಿಯ ಖಾಲಿ ಡಬ್ಬ, ಕುಕ್ಕರಿನ ಖಾಲಿ ಡಬ್ಬ ಮುಂದಿನ ಹಾಲಿನ ಕಪಾಟಿನ ಮೇಲೆ ಸಾಲಾಗಿ ಕೂತಿರುತ್ತಿದ್ದವು, ಬಂದವರು ನೋಡಲಿ ಅಂತ. ಅವುಗಳ ಧೂಳು ಒರೆಸುವ ಕೆಲಸ ನನ್ನದು.

ನನ್ನ ದಾರಿ ಬೇರೆ. ಗೋವಾದಷ್ಟು ಚಲೋ ಹಳೆ ಸಾಮಾನು ಸಿಗುವ ಊರು ನಾನು ಇನ್ನೊಂದು ಕಂಡಿಲ್ಲ. ಮಳೆಗಾಲದ ಬಾಗಿಲಿಗೆ ಪ್ರವಾಸಿಗಳು ಹೊರಟುಹೋಗುತ್ತಾರೆ. ಕಡಲ ದಂಡೆಯ ಸಣ್ಣ ಹೋಟೆಲುಗಳು ಫ್ಯಾನು, ಮಿಕ್ಸರು, ಚಾದರಗಳನ್ನು ಬಂದ ಬೆಲೆಗೆ ಮಾರಿ ಬಾಗಿಲು ಹಾಕುತ್ತವೆ. ಹಡಗಿನಲ್ಲಿ ದುಡಿದವರ ಮನೆಗಳಲ್ಲಿ ಜಪಾನಿನ ಸಾಮಾನು ಇರುತ್ತದೆ. ಆ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಹಳೆ ಆಳ್ವಿಕೆಯ ಹಕ್ಕಿನಲ್ಲಿ ಪೋರ್ತುಗಲ್ಲಿನ ಪಾಸ್‌ಪೋರ್ಟು ಮಾಡಿಸಿ ಇಂಗ್ಲೆಂಡಿಗೆ ಹೊರಟಿದ್ದವು. ಹೊರಡುವ ಮೊದಲು ಮನೆಯ ಸಾಮಾನನ್ನೆಲ್ಲ ಮಾರುತ್ತಿದ್ದವು. ಭಾನುವಾರದ ಪೇಪರಿನಲ್ಲಿ ಸಣ್ಣ ಜಾಹೀರಾತು ಬರುತ್ತಿತ್ತು. ನಾನು ಅತ್ತೆಗಿಂತ ಮುಂಚೆ ಎದ್ದು ಆ ಪುಟ ಓದುತ್ತಿದ್ದೆ.

ಹಳೆ ಯಂತ್ರ ಕೊಳ್ಳುವಾಗ ಜನ ಮೇಲಿನ ಹೊಳಪು ನೋಡುತ್ತಾರೆ. ನಾನು ಸ್ಕ್ರೂ ನೋಡುತ್ತೇನೆ. ಸ್ಕ್ರೂವಿನ ತಲೆ ಕಿತ್ತುಹೋಗಿದ್ದರೆ ಯಾರೋ ಬಾರದವರು ಬಿಚ್ಚಿದ್ದಾರೆ ಅಂತ ಅರ್ಥ. ಗೀರಿನಲ್ಲಿ ಕಂಪನಿಯ ಬಣ್ಣ ಹಾಗೇ ಕೂತಿದ್ದರೆ ಕಣ್ಣು ಮುಚ್ಚಿ ತರಬಹುದು. ಆಮೇಲೆ ಮೋಟರಿಗೆ ಮೂಗು ಹಚ್ಚಿ ಸುಟ್ಟ ವಾಸನೆ ಇದೆಯೇ ನೋಡುತ್ತೇನೆ. ಮಾರುವವರು ನಗುತ್ತಾರೆ. ನಗಲಿ. ಮೂಸಿ ನೋಡದೆ ಕರಬೂಜದ ಹಣ್ಣನ್ನೂ ಕೊಳ್ಳದ ಊರಿನವಳು ನಾನು.

ಹಾಗೆ ಒಂದು ಭಾನುವಾರ ನಮ್ಮ ಹಿಂದಿನ ಓಣಿಯ ಕ್ರಿಶ್ಚಿಯನ್ ಬಾಯಿಯೊಬ್ಬರ ಮನೆಗೆ ಹೋದೆ. ಅವರ ಗಂಡ ಹಡಗಿನಲ್ಲಿದ್ದವರು. ಇಬ್ಬರೂ ಮಗನ ಹತ್ತಿರ ಇಂಗ್ಲೆಂಡಿಗೆ ಹೊರಟಿದ್ದರು. ಬರಿದಾದ ಪಡಸಾಲೆಯ ಮೂಲೆಯಲ್ಲಿ ಒಂದು ಹೊಲಿಗೆ ಮಷೀನು ಇತ್ತು. ಗಂಡ ಪ್ರಾಯದಲ್ಲಿದ್ದಾಗ ಜಪಾನಿನ ಬಂದರಿನಿಂದ ತಂದದ್ದು. ಎರಕದ ಕಬ್ಬಿಣದ ಮೈ, ಹಸಿರು ಬಣ್ಣ, ಹಿಂದೆ ಕಟ್ಟಿದ ಪುಟ್ಟ ಮೋಟರು. ನೇರ ಹೊಲಿಗೆಯ ಜೊತೆಗೆ ಅಂಕುಡೊಂಕು ಹೊಲಿಗೆಯನ್ನೂ ಹಾಕುತ್ತಿತ್ತು. ಕೌದಿಯ ತುಂಡುಗಳ ಅಂಚು ಕಟ್ಟಲು ನನಗೆ ಬೇಕಾದದ್ದು ಅದೇ. ಸ್ಕ್ರೂಗಳ ಗೀರಿನಲ್ಲಿ ಹಸಿರು ಬಣ್ಣ ಹಾಗೇ ಇತ್ತು. ಚೌಕಾಸಿ ಮಾಡುವವರ ಮುಖದಲ್ಲಿ ಆಸೆ ಕಾಣಬಾರದು, ಆದರೆ ಆ ದಿನ ನನ್ನದರಲ್ಲಿ ಕಂಡಿರಬೇಕು, ಆ ಬಾಯಿ ನಕ್ಕರು. ಬೆಲೆ ಕುದುರಿದ ಮೇಲೆ ಒಂದು ಗಂಟು ಹಳೆ ಬಿಳಿ ಚಾದರಗಳನ್ನೂ ನನ್ನ ಕೈಗಿಟ್ಟು "ಹೆಂಯ್ ಘೆ ಬಾಯ್" ಅಂದರು. ಇದನ್ನೂ ತಗೋ ಅಂತ. ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾಗಿದ್ದ ಹತ್ತಿ ಚಾದರಗಳು.

ಬಾಯಿ ಒಂದು ಮಾತು ಒತ್ತಿ ಹೇಳಿದ್ದರು. ಮೋಟರು ಜಪಾನಿನದು, ನಮ್ಮ ಕರೆಂಟಿನ ಅರ್ಧದಷ್ಟೂ ತಡೆಯುವುದಿಲ್ಲ, ನಡುವೆ ಕರೆಂಟು ಇಳಿಸುವ ಡಬ್ಬಿ ಹಚ್ಚಲೇಬೇಕು. ಅವರ ಡಬ್ಬಿ ಮಿಕ್ಸರಿನ ಜೊತೆ ಇನ್ಯಾರಿಗೋ ಹೋಗಿಬಿಟ್ಟಿತ್ತು. ಹಡಗಿನವರ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಇದು ಗೊತ್ತು. ಘಟ್ಟದ ಮೇಲಿನ ನಮಗೆಲ್ಲಿಂದ ಗೊತ್ತಿರಬೇಕು? ಮನೆಗೆ ಬಂದು ಯಜಮಾನರಿಗೆ ಎರಡು ಸಲ ಹೇಳಿದೆ.

"ಡಬ್ಬಿ ತರೂತನಕ ಹಚ್ಚಬ್ಯಾಡ್ರಿ."

"ಕರೆಂಟ್ ಅಂದ್ರ ಕರೆಂಟ್," ಅಂದರು ಅವರು. "ಅದರಾಗೇನು ಜಾತಿ ಐತೇನು?"

ಮಾರನೆಯ ದಿನ ನಾನು ಡಬ್ಬಿ ಹುಡುಕಲು ಮಾರ್ಕೆಟ್ಟಿಗೆ ಹೋಗಿದ್ದೆ. ಇವರು ಊಟಕ್ಕೆ ಮನೆಗೆ ಬಂದವರು ಮಷೀನಿನ ಮುಂದೆ ಕೂತಿದ್ದಾರೆ. ಚಪ್ಪಟೆ ಕಾಲಿನ ಪಿನ್ನು ನಮ್ಮ ಪ್ಲಗ್ಗಿಗೆ ಹೋಗಲಿಲ್ಲ. ಅಷ್ಟಕ್ಕಾದರೂ ಬಿಡಬೇಕೋ ಬೇಡವೋ? ಕೆಳಗಿನ ಅಂಗಡಿಗೆ ಹೋಗಿ, ಪಿನ್ನು ಕೂರುವಂಥ ಹೊಸ ಪ್ಲಗ್ಗು ತಂದು ಹಚ್ಚಿ, ಸ್ವಿಚ್ಚು ಒತ್ತಿದ್ದಾರೆ. ನಾನು ಮೆಟ್ಟಿಲು ಹತ್ತುವಾಗಲೇ ವಾಸನೆ ಬಂತು. ಒಳಗೆ ಅತ್ತೆ ಸೆರಗಿನಿಂದ ಹೊಗೆ ಬೀಸುತ್ತಿದ್ದರು. ಇವರು ಕೈಕಟ್ಟಿ ನಿಂತು, ನನ್ನನ್ನು ಕಂಡ ಕೂಡಲೇ ಅಂದರು, "ನೋಡಿದಿಲ್ಲೋ? ಸೆಕೆಂಡ್ ಹ್ಯಾಂಡ್ ಅಂದ್ರ ಹಿಂಗ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಇಳಿಸುವ ಇರಾದೆಯೂ ಇಲ್ಲ. ಆದರೆ ಸಿಟ್ಟಿನಲ್ಲೇ ಒಂದು ಕೆಲಸ ಮಾಡಿದೆ. ಸ್ಕ್ರೂಡ್ರೈವರ್ ತಂದು ಮೋಟರನ್ನು ಕಳಚಿ ಕೆಳಗಿಟ್ಟು, ಮಷೀನಿನ ಚಕ್ರ ಕೈಯಿಂದ ತಿರುಗಿಸಿದೆ. ಸೂಜಿ ಇಳಿಯಿತು, ಏರಿತು. ಸತ್ತದ್ದು ಮೋಟರು, ಮಷೀನಲ್ಲ. ಇಷ್ಟನ್ನು ಆ ಇಬ್ಬರಿಗೂ ತಿರುಗಿಸಿ ತೋರಿಸಿದೆ. ಇಬ್ಬರೂ ಊಟಕ್ಕೆ ನಡೆದರು.

ಕಾಲಿನಿಂದ ತುಳಿಯುವ ಕಬ್ಬಿಣದ ಸ್ಟ್ಯಾಂಡಿಗಾಗಿ ನಾನು ಊರೂರು ತಿರುಗಿದೆ. ಕೆಪೆಯಲ್ಲಿ ಒಬ್ಬ ಟೇಲರನ ಹತ್ತಿರ ಇತ್ತು, ಕೊಡಲೊಲ್ಲ. ಕಡೆಗೆ ಸಾಂಕೋಲೆಯ ಗುಜರಿಯಲ್ಲಿ ಮುರಿದ ಸೈಕಲ್ಲುಗಳ ಕೆಳಗೆ ಒಂದು ಸಿಕ್ಕಿತು. ತುಕ್ಕು ಮುಚ್ಚಿತ್ತು, ಆದರೆ ಪೆಡಲು ಒತ್ತಿದರೆ ಚಕ್ರ ತಿರುಗುತ್ತಿತ್ತು. ಗುಜರಿಯವನು ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ, ತಾನು ಬಾಗಲಕೋಟೆಯವನು ಅಂತ ಹೇಳಿ ಚಹಾ ತರಿಸಿದ. ನಾನು ರಸ್ತೆ ದಾಟಿ ಹೋಗಲಿಲ್ಲ, ಕೂತು ಚಹಾ ಕುಡಿದೆ. ಟೆಂಪೋದಲ್ಲಿ ಸ್ಟ್ಯಾಂಡು ತಂದು, ಚಿಮಣಿ ಎಣ್ಣೆ ಹಾಕಿ ತಿಕ್ಕಿ, ಹೊಸ ಚರ್ಮದ ಬೆಲ್ಟು ಹಾಕಿ, ಮಷೀನು ಕೂರಿಸಿದೆ. ಅದು ಓಡಿತು. ಆ ಸದ್ದು ಕೇಳಿ ನಾನೊಬ್ಬಳೇ ಹಾಲಿನಲ್ಲಿ ಕೂತು ನಕ್ಕೆ.

ಆದರೆ ಹಾಲಿನಲ್ಲಿ ಅದರ ಬಾಳು ಒಂದೇ ದಿನದ್ದಾಯಿತು. ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅವಳನ್ನು ಕೊಟ್ಟದ್ದು ಬೆಳಗಾವಿಗೆ. ಬೀಗರದ್ದು ಟಿವಿ, ಫ್ರಿಜ್ಜು ಮಾರುವ ದೊಡ್ಡ ಅಂಗಡಿ. ಕೂಸನ್ನು ನೋಡಲು, ತೊಟ್ಟಿಲಿಗೆ ಹಾಕಲು ಅವರೆಲ್ಲ ಬರುತ್ತಾರೆ. ಅವರ ಕಣ್ಣಿಗೆ ಗುಜರಿಯ ಕಬ್ಬಿಣ ಬಿದ್ದರೆ ಮಾನ ಹೋದ ಹಾಗೆ ಅಂತ ಅತ್ತೆಯ ವಾದ. ಅದೂ ಮಂದಿ ಬಳಸಿದ್ದು, ಯಾವ ಜಾತಿಯವರ ಕೈಯೋ ಏನೋ. ಮಷೀನನ್ನು ಬಾಲ್ಕನಿಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿದರು. ತೊಟ್ಟಿಲ ಶಾಸ್ತ್ರಕ್ಕೆ ಮುಂಚೆ ಹಳೆ ಕಬ್ಬಿಣದವನಿಗೆ ತೂಕಕ್ಕೆ ಹಾಕುವುದು ಅಂತ ತಾಯಿ ಮಗ ಇಬ್ಬರೂ ಕೂಡಿ ತೀರ್ಮಾನ ಮಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

"ಅದನ್ನ ಗಾಡಿಗೆ ಏರಿಸಿದ್ರ ನಾನೂ ಅದರ ಜೋಡಿ ಹತ್ತತೀನಿ," ಅಂದೆ.

ಚೇಷ್ಟೆ ಅಂದುಕೊಂಡರು. ನನಗೂ ಅರ್ಧ ಹಾಗೇ ಅನ್ನಿಸಿತ್ತು. ಉಳಿದರ್ಧ ಖರೇ ಇತ್ತು. ಆ ಮನೆಯಲ್ಲಿ ನಾನೇ ಹುಡುಕಿ, ನಾನೇ ಆರಿಸಿ, ನಾನೇ ಬದುಕಿಸಿದ ವಸ್ತು ಅಂತ ಆಗ ಇದ್ದದ್ದು ಅದೊಂದೇ. ಅದು ಹೊರಗೆ ಹೋದರೆ ಅಲ್ಲಿ ನನ್ನದು ಅನ್ನಲು ಖಾಲಿ ಡಬ್ಬಗಳ ಧೂಳು ಮಾತ್ರ ಉಳಿಯುತ್ತಿತ್ತು. ಬಾಲ್ಕನಿಗೆ ಹೋಗಿ ದಿನಾ ಎಣ್ಣೆ ಬಿಡುತ್ತಿದ್ದೆ.

ನಡು ಮಳೆಗಾಲದಲ್ಲಿ ನಾದಿನಿಗೆ ಗಂಡು ಕೂಸು ಹುಟ್ಟಿತು. ಅದರ ಸೋದರಮಾವ ದೊಡ್ಡ ಅಂಗಡಿಯಿಂದ ಹೊಸ ಅಂಗಿ, ಟೊಪ್ಪಿಗೆ, ಹಾಸಿಗೆ ಎಲ್ಲ ತಂದು ಜೋಡಿಸಿದ್ದರು. ಅತ್ತೆ ಒಂದನ್ನೂ ಮುಟ್ಟಗೊಡಲಿಲ್ಲ. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸುವುದಿಲ್ಲ. ತೊಟ್ಟಿಲಿಗೆ ಹಾಕುವ ತನಕ ಹಳೆಯದೇ ಆಗಬೇಕು, ಯಾರೋ ಉಟ್ಟು ತೊಟ್ಟು ಮೆತ್ತಗಾದದ್ದೇ ಆಗಬೇಕು. ಲಕ್ಷಾಧೀಶನ ಮಗನಾದರೂ ಮೈಗೆ ತಾಗುವ ಮೊದಲ ಬಟ್ಟೆ ಮಂದಿ ಬಳಸಿದ್ದೇ.

ಆದರೆ ಹಳೆ ಬಟ್ಟೆ ಎಲ್ಲಿತ್ತು? ಅತ್ತೆ ತಮ್ಮ ಹತ್ತಿಯ ಸೀರೆಗಳನ್ನೆಲ್ಲ ಪಾತ್ರೆ ಮಾರುವವಳಿಗೆ ಕೊಟ್ಟು ಸ್ಟೀಲಿನ ಡಬ್ಬಿ ತಗೊಂಡಿದ್ದರು. ಉಳಿದವು ನೈಲಾನು. ಇದ್ದಬದ್ದ ಎರಡು ಪಂಚೆ ಹರಿದು ಮಾಡಿದ ತುಂಡುಗಳು ಗೋವಾದ ಮಳೆಯಲ್ಲಿ ಒಣಗಲೊಲ್ಲವು. ಕೂಸು ಒದ್ದೆ ಮಾಡುತ್ತಿತ್ತು, ಅಳುತ್ತಿತ್ತು, ಅದರ ಜೊತೆಗೆ ನಾದಿನಿಯೂ ಅಳುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಆ ಬಿಳಿ ಚಾದರದ ಗಂಟು ಎಲ್ಲಿದೆ ಅಂತ ಕೇಳಿದರು.

ಸೊಸೆಯಾದವಳು ಅಂಥ ಹೊತ್ತಿನಲ್ಲಿ ಸುಮ್ಮನೆ ತೆಗೆದುಕೊಡಬೇಕು ಅನ್ನುತ್ತಾರೆ. ಕೂಸಿಗೆ ಆ ಹೊತ್ತಿಗೆ ಬೇಕಾದ ತುಂಡುಗಳನ್ನು ಕೂಡಲೇ ಹರಿದು ಕೊಟ್ಟೆ, ಕೂಸಿನದೇನು ತಪ್ಪು? ಆಮೇಲೆ ಹೇಳಿದೆ.

"ಮಂದಿ ಬಳಸಿದ್ದು ಅತ್ತಿ. ನಡೀತೈತೇನ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ಒಂದು ಕುಂಚಿಗಿ ಬೇಕು, ಮೆತ್ತನ್ನ ಕೌದಿ ಬೇಕು," ಅಂದರು. "ಕೂಸು ಥಂಡಿಗೆ ನಡಗಾಕತ್ತೈತಿ."

"ಹೊಲೀತೀನ್ರಿ. ಮಷೀನು ಹಾಲಿಗೆ ಬರಲಿ."

"ಬಾಲ್ಕನಿಯಾಗ ಕುಂತು ಹೊಲಿಯಾಕ ಏನಾಗೈತಿ?"

"ಮಳಿ ಬರಾಕತ್ತೈತ್ರಿ. ಒಮ್ಮೆ ಒಳಗ ಬಂತಂದ್ರ ಮತ್ತ ಹೊರಗ ಹೋಗೂದಿಲ್ಲ."

ಅತ್ತೆ ಒಳಗೆ ಹೋಗಿ ಕೂಸಿನ ಕಾಲು ಮುಟ್ಟಿ ನೋಡಿದರು. ಆಮೇಲೆ ಮಗನನ್ನು ಕರೆದರು. ಮೋಟರು ಸುಟ್ಟ ಅದೇ ಕೈಗಳಿಂದ ಯಜಮಾನರು ಮಷೀನು ಎತ್ತಿದರು, ಸ್ಟ್ಯಾಂಡು ಎಳೆದರು. ಟಿವಿಯ ಪಕ್ಕದಲ್ಲೇ ಇಡಿಸಿದೆ. ಬಟ್ಟೆ, ದಾರ ಇಡಲು ಜಾಗ ಸಾಲದೆಂದು ಕಪಾಟಿನ ಮೇಲಿನ ಖಾಲಿ ಡಬ್ಬಗಳನ್ನು ಇಳಿಸಿ, ಮಡಚಿ, ಬಾಲ್ಕನಿಗೆ ಹಾಕಿದೆ. ಇವರು ತಾಯಿಯ ಮುಖ ನೋಡಿ ಒಳಗೆ ಹೋದರು.

ತಲೆ, ಬೆನ್ನು ಮುಚ್ಚುವ ಕುಂಚಿಗೆ ಅವತ್ತೇ ಮುಗಿಯಿತು. ಕೌದಿ ಹೊಲಿಯುತ್ತಿದ್ದಾಗ ಕರೆಂಟು ಹೋಯಿತು. ಮಳೆಗಾಲದಲ್ಲಿ ಅದು ಹೋಗದಿದ್ದರೆ ಅಲ್ಲವೇ ಆಶ್ಚರ್ಯ. ಫ್ಯಾನು ನಿಂತಿತು, ಟಿವಿ ನಿಂತಿತು, ಗ್ಯಾರಂಟಿ ಕಾಗದ ಇದ್ದ ಎಲ್ಲ ಸಾಮಾನೂ ನಿಂತವು. ನಾನು ಮಷೀನನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು ತುಳಿಯುತ್ತಾ ಹೋದೆ. ಕೂಸು ಆ ಸದ್ದಿಗೆ ಅಳು ನಿಲ್ಲಿಸಿತು. ಕೊನೆಯ ಮೂಲೆ ಮುಚ್ಚುವ ಮೊದಲು ನಮ್ಮಜ್ಜಿ ಅದರೊಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದಳು, ಕೌದಿ ಹಸಿದಿರಬಾರದು ಅಂತ. ನಾನು ಏಳಬೇಕು ಅನ್ನುವಷ್ಟರಲ್ಲಿ ಅತ್ತೆ ಅಕ್ಕಿ ತಂದು ಮಷೀನಿನ ಹಲಗೆಯ ಮೇಲೆ ಇಟ್ಟು ಒಳಗೆ ಹೋದರು.

ತೊಟ್ಟಿಲ ಶಾಸ್ತ್ರಕ್ಕೆ ಬೀಗರು ಕಾರು ತುಂಬಿಕೊಂಡು ಬಂದರು. ಯಜಮಾನರ ಆಫೀಸಿನವರೂ ಮನೆಮಂದಿಯ ಜೊತೆ ಬಂದಿದ್ದರು. ಹೊಸ ಬಟ್ಟೆ ತೊಡಿಸಬಹುದಾದ ದಿನ ಅದು. ಕೂಸಿಗೆ ಬೀಗರು ತಂದ ಜರಿಯ ಅಂಗಿ ಹಾಕಿದರು. ಅದು ಚುಚ್ಚಿರಬೇಕು, ಕೂಸು ಕಿರುಚಿ ಮನೆಯನ್ನೇ ತಲೆಕೆಳಗು ಮಾಡಿತು. ಅಂಗಿ ಬಿಚ್ಚಿ ನಾದಿನಿ ಕೂಸನ್ನು ನನ್ನ ಕೌದಿಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಅಳು ನಿಂತಿತು. ಬೀಗಿತಿ ಬಗ್ಗಿ ಕೌದಿ ಮುಟ್ಟಿ ನೋಡಿದರು. ಎಷ್ಟು ಮೆತ್ತಗಿದೆ, ಯಾವ ಅಂಗಡಿಯದು ಅಂತ ಕೇಳಿದರು.

ಯಜಮಾನರು ನೆಲ ನೋಡಿದರು. ನಾದಿನಿ ನನ್ನ ಕಡೆ ನೋಡಿದಳು, ಬೇಡ ವೈನಿ ಅನ್ನುವ ಹಾಗೆ. ಅತ್ತೆ ಆರತಿಯ ತಟ್ಟೆ ಹಿಡಿದು ನಿಂತಿದ್ದರು.

"ಅಂಗಡೀದಲ್ರಿ," ಅಂದೆ, ಬಾಗಿಲ ಬಳಿ ನಿಂತವರಿಗೂ ಕೇಳುವಂತೆ. "ಹಿಂದಿನ ಓಣಿಯ ಕ್ರಿಶ್ಚಿಯನ್ ಬಾಯಿ ಹಾಸಿ ಹೊದ್ದ ಚಾದರ. ಹೊಲಿದ ಮಷೀನೂ ಅವರು ಬಳಸಿದ್ದ. ಅದರ ಸ್ಟ್ಯಾಂಡು ಗುಜರೀದು."

ಬೀಗಿತಿಯ ಕೈ ಕೌದಿಯ ಮೇಲೇ ಇತ್ತು. ಬೇಕಾದರೆ ಅವರು ಕೂಸನ್ನು ಅದರಿಂದ ಎತ್ತಬಹುದಿತ್ತು. ಅತ್ತೆ ಎತ್ತಬಹುದಿತ್ತು, ಅದರ ಸೋದರಮಾವ ಎತ್ತಬಹುದಿತ್ತು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಕೂಸು ಮುಷ್ಟಿ ಬಿಗಿಹಿಡಿದು ನಿದ್ದೆಹೋಗಿತ್ತು. ಯಾರೂ ಎತ್ತಲಿಲ್ಲ.