ಗಾಳಿಗೆ ಗಾಳ ಹಾಕಿದ ಡಾಕ್ಟರಮ್ಮ

ವೈದ್ಯವಿದ್ಯೆಯ ಶಾಖೆಗಳಲ್ಲೆಲ್ಲ ಕೃತಜ್ಞತೆಯ ಮಾತು ಅತ್ಯಂತ ಕಡಿಮೆ ಕೇಳಿಬರುವ ಶಾಖೆ ಸಾರ್ವಜನಿಕ ಆರೋಗ್ಯದ್ದು. ಶಸ್ತ್ರಚಿಕಿತ್ಸಕರ ಕೈಯಲ್ಲಿ ಮರುಜನ್ಮ ಪಡೆದವನು ಅವರ ಹೆಸರನ್ನು ತನ್ನ ಮಗನಿಗೆ ಇಡುತ್ತಾನೆ. ಹೆರಿಗೆ ಮಾಡಿಸಿದ ದಾದಿಯನ್ನು ತಾಯಂದಿರು ದಾರಿಯಲ್ಲಿ ನಿಲ್ಲಿಸಿ ಬೆಳೆದ ಮಗುವನ್ನು ತೋರಿಸುತ್ತಾರೆ. ಆದರೆ ತನಗೆ ಬಾರದೆ ಹೋದ ಕಾಯಿಲೆಗೆ, ತನ್ನ ಮನೆಯಲ್ಲಿ ಆಗದೆ ಹೋದ ಸಾವಿಗೆ ಯಾರಲ್ಲಿ ಋಣಿಯಾಗಿರಬೇಕೆಂದು ಯಾರಿಗೆ ತಾನೆ ತಿಳಿದಿರುತ್ತದೆ? ಇಂಥ ಕಾಣದ ಕೆಲಸವನ್ನು ತಮ್ಮ ಸೇವಾವಧಿಯುದ್ದಕ್ಕೂ ಈ ಒಂದೇ ಜಿಲ್ಲೆಯಲ್ಲಿ ಮಾಡಿ, ಈಗ ನಿವೃತ್ತರಾಗುತ್ತಿರುವ ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಜನ ಕರೆಯುವುದು ಬರಿಯ "ಡಾಕ್ಟರಮ್ಮ" ಎಂದು. ಜಿಲ್ಲೆಯಲ್ಲಿ ಬೇರೆ ಮಹಿಳಾ ವೈದ್ಯರು ಇಲ್ಲವೆಂದಲ್ಲ. ಹಾಗೆಂದಾಗ ಯಾರ ಮಾತೆಂದು ಇಲ್ಲಿ ಯಾರೂ ಕೇಳುವುದಿಲ್ಲ, ಅಷ್ಟೆ.

ನಾನು ಪಶುವೈದ್ಯ. ಘನ ವಿದ್ವಾಂಸರ ಲೇಖನಗಳ ನಡುವೆ ಒಬ್ಬ ದನದ ಡಾಕ್ಟರಿಗೂ ಸ್ಥಳ ಕೊಟ್ಟ ಸಂಪಾದಕರ ಧೈರ್ಯವನ್ನು ಮೆಚ್ಚಬೇಕು. ನನ್ನ ರೋಗಿಗಳು ಯಾರೂ ಅಭಿನಂದನ ಗ್ರಂಥ ಓದುವವರಲ್ಲವಾದ್ದರಿಂದ ನಾನಿಲ್ಲಿ ನಿರ್ಭಯವಾಗಿ ಬರೆಯಬಹುದು.

ಅವರು ಈ ಜಿಲ್ಲೆಗೆ ಬಂದಾಗ ಇನ್ನೂ ಹೊಸಬರು, ನಾನೂ ಅಷ್ಟೆ. ಒಂದು ಹುಚ್ಚುನಾಯಿ ನಮ್ಮಿಬ್ಬರನ್ನು ಪರಿಚಯ ಮಾಡಿಸಿತು. ಅದು ಕಚ್ಚಿದ ಕರುವನ್ನು ನಾನು ನೋಡಲು ಹೋದರೆ, ಅದು ಕಚ್ಚಿದ ಮನುಷ್ಯರನ್ನು ಹುಡುಕುತ್ತ ಅವರು ಆ ಹಳ್ಳಿಗೇ ಬಂದಿದ್ದರು. ಬೇಲಿಯ ಎರಡೂ ಕಡೆ ನಿಂತು ಮಾತಾಡಿದ ಆ ಮಧ್ಯಾಹ್ನದಿಂದ ಅವರ ಕೆಲಸ ಎಲ್ಲಿ ಮುಗಿಯುತ್ತದೆ, ನನ್ನ ಕೆಲಸ ಎಲ್ಲಿ ಶುರುವಾಗುತ್ತದೆ ಎಂಬ ಗಡಿ ನಮ್ಮಿಬ್ಬರ ಮಟ್ಟಿಗೆ ಅಳಿಸಿಹೋಯಿತು.

ಅವರ ದೊಡ್ಡತನದ ಬಗ್ಗೆ ಇತರರು ಬರೆಯಲಿ. ನಾನು ನನ್ನ ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ನನ್ನ ಅತ್ತೆಗೆ ಕ್ಷಯವೆಂದು ಗೊತ್ತಾದಾಗ ಬೀದಿಯವರು ನಮ್ಮ ಮನೆಯ ಮುಂದೆ ನಡೆಯುವುದನ್ನೇ ಬಿಟ್ಟಿದ್ದರು. ಔಷಧಿ ಶುರುವಾಗಿ, ಇನ್ನು ಸೋಂಕು ಹರಡುವ ಭಯವಿಲ್ಲವೆಂದು ಖಚಿತವಾದ ದಿನ ಡಾಕ್ಟರಮ್ಮ ಬಂದರು. ಅತ್ತೆಯನ್ನು ಕೈಹಿಡಿದು ಹೊರಗೆ ಕರೆತಂದು, ಬೀದಿಗೆ ಕಾಣುವ ಹಾಗೆ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು, ಒಂದು ಲೋಟ ಟೀಯನ್ನು ಒಂದು ಗಂಟೆ ಕುಡಿದರು. ಒಂದು ಮಾತನ್ನೂ ಬೀದಿಯವರಿಗೆ ಹೇಳಲಿಲ್ಲ. ಮರುದಿನ ಎದುರುಮನೆಯಾಕೆ ಉಪ್ಪು ಕೇಳಿಕೊಂಡು ಬಂದಳು. ನಮ್ಮ ಅತ್ತೆ ಉಪ್ಪಿನ ಡಬ್ಬಿಯನ್ನೇ ಎತ್ತಿ ಕೊಟ್ಟುಬಿಟ್ಟರು.

ಆ ಮೇಲೆ ಬಂತು, ಜಗತ್ತಿಗೆಲ್ಲ ಬಂದ ಆ ಸಾಂಕ್ರಾಮಿಕ. ನಮ್ಮಂಥ ಹಳ್ಳಿಗಾಡಿನ ಜಿಲ್ಲೆಗೆ ಅದು ಬರುವುದಿಲ್ಲವೆಂದು ನಂಬಿದ್ದೆವು. ಬಂದಾಗ ಮೊದಲು ಕೊಂಡೊಯ್ದದ್ದು ಅವರ ಕಚೇರಿಯ ಆಂಬುಲೆನ್ಸ್ ಚಾಲಕನನ್ನು. ಎಲ್ಲರೂ "ಅಣ್ಣ" ಎಂದು ಕರೆಯುತ್ತಿದ್ದ ಆ ಮನುಷ್ಯ, ರೋಗಿಗಳಿಗೆ ಚಳಿಯಾಗಬಾರದೆಂದು ಗಾಡಿಯ ಗಾಜನ್ನೆಲ್ಲ ಏರಿಸಿಕೊಂಡು ಓಡಿಸುತ್ತಿದ್ದ. ಅವನ ಅಂತ್ಯಕ್ರಿಯೆಗೆ ನಾವು ನಾಲ್ಕೈದು ಮಂದಿ ದೂರ ದೂರ ನಿಂತಿದ್ದೆವು. ಹಿಂದಿರುಗುವಾಗ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: "ಅಣ್ಣ ಒಳ್ಳೆತನಕ್ಕೆ ಗಾಜು ಏರಿಸ್ದ. ನಾನಾದ್ರೂ ಹೇಳಬೇಕಿತ್ತು, ಆದ್ರೆ ಇದು ಮುಚ್ಚಿದ ಗಾಳೀಲಿ ಹರಡುತ್ತೆ ಅಂತ ಆಗ ನಮಗೂ ಗೊತ್ತಿರಲಿಲ್ಲ."

ಅಂದಿನಿಂದ ಅವರಿಗೆ ಗಾಳಿಯದೇ ಧ್ಯಾನ. ಒಂದು ಸಣ್ಣ ಕೋಲಿನ ತುದಿಗೆ ಉಣ್ಣೆಯ ಎಳೆಯೊಂದನ್ನು ಕಟ್ಟಿಕೊಂಡು, ಅಂಗಡಿ, ಶಾಲೆ, ಕಾರ್ಖಾನೆ ಎನ್ನದೆ ಹೊಕ್ಕು, ಕೋಣೆಯ ಮೂಲೆಮೂಲೆಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಎಳೆ ಆಡಿದರೆ ಗಾಳಿಯಿದೆ. ಸುಮ್ಮನೆ ಜೋತುಬಿದ್ದರೆ ಇಲ್ಲ. ಡಾಕ್ಟರಮ್ಮ ಗಾಳಿಗೆ ಗಾಳ ಹಾಕುತ್ತಿದ್ದಾರೆಂದು ಊರು ನಕ್ಕಿತು. ಅವರೂ ನಕ್ಕರು, ಆದರೆ ಕೋಲನ್ನು ಕೆಳಗಿಡಲಿಲ್ಲ.

ಮುಚ್ಚಿದ ಜಿಲ್ಲೆಯನ್ನು ತೆರೆಯುವ ಯೋಜನೆ ರೂಪಿಸಲು ಸಮಿತಿಯೊಂದು ರಚನೆಯಾದಾಗ, ವೈದ್ಯರ ಅಭಾವದಿಂದ ನನ್ನನ್ನೂ ಅದಕ್ಕೆ ಎಳೆದುಕೊಂಡರು. ಜಿಲ್ಲಾ ಮಂಡಳಿಯ ಅಧ್ಯಕ್ಷರು ಒಳ್ಳೆಯವರೇ, ಆದರೆ ಕುದಿಯುವ ನೀರಿನ ಮೇಲಿನ ಮುಚ್ಚಳದಂಥವರು. ಮೊದಲ ಸಭೆಯಲ್ಲೇ ಮೇಜು ಕುಟ್ಟಿದರು.

"ಪಕ್ಕದ ಜಿಲ್ಲೆಯವರು ಸೋಮವಾರ ಎಲ್ಲಾ ತೆಗೀತಾರಂತೆ. ನಾವೇನು ಕೈಲಾಗದವರಾ?"

"ತೆಗೆಯೋದೇನು ದೊಡ್ಡ ವಿಷಯ ಅಲ್ಲ ಸರ್," ಎಂದರು ಡಾಕ್ಟರಮ್ಮ. "ಮತ್ತೆ ಮುಚ್ಚೋ ಹಾಗಾಗದೆ ತೆಗೀಬೇಕು. ಜನಕ್ಕೆ ಒಂದು ಸಲ ಮುಚ್ಚಿದ್ದು ತಡ್ಕೊಳ್ಳೋ ಶಕ್ತಿ ಇತ್ತು. ಎರಡನೇ ಸಲಕ್ಕೆ ಇರಲ್ಲ."

ಮೇಲಿನಿಂದ ಬಂದಿದ್ದ ಸುತ್ತೋಲೆ ತಲೆದಿಂಬಿನಷ್ಟು ದಪ್ಪವಿತ್ತು. ಅದನ್ನೆಲ್ಲ ಅರೆದು ಕುಡಿದು ಡಾಕ್ಟರಮ್ಮ ಗೋಡೆಯ ಹಲಗೆಯ ಮೇಲೆ ಬರೆದದ್ದು ಮೂರೇ ಪದ: ಬಯಲು, ಕಿಟಕಿ, ಕೋಣೆ. ಮೊದಲು ಬಯಲಿನಲ್ಲಿ ಮಾಡಬಹುದಾದದ್ದೆಲ್ಲ ನಡೆಯಲಿ. ಸಂತೆ ಮೈದಾನಕ್ಕೆ ಬರಲಿ, ಕ್ಷೌರಿಕ ಮರದ ಕೆಳಗೆ ಕುರ್ಚಿ ಹಾಕಲಿ, ಪಾಠ ಅಂಗಳದಲ್ಲಿ ನಡೆಯಲಿ. ಅದು ಕೆಲವು ವಾರ ಸುರಕ್ಷಿತವಾಗಿ ಸಾಗಿದರೆ ಎದುರುಬದುರು ಕಿಟಕಿಗಳಿರುವ ಜಾಗಗಳು. ಮುಚ್ಚಿದ ಕೋಣೆಗಳು ಕೊನೆಗೆ.

"ಇಷ್ಟೇನಾ?" ಎಂದು ಅಧ್ಯಕ್ಷರು ಹುಬ್ಬೇರಿಸಿದರು.

"ಇನ್ನೂ ಒಂದಿದೆ ಸರ್. ಜ್ವರ ಬಂತು ಅಂತ ತಾನಾಗಿ ಬಂದು ಹೇಳಿದವರಿಗೆ ಶಿಕ್ಷೆ ಇಲ್ಲ. ಅವರ ಕೆಲಸ ಹೋಗಲ್ಲ, ಅವರ ಬಾಗಿಲಿಗೆ ಬೋರ್ಡು ಹಾಕಲ್ಲ, ಮನೆಗೆ ಊಟ ನಾವು ಕಳಿಸ್ತೀವಿ. ಈ ಮಾತನ್ನ ನೀವೇ ಜನಕ್ಕೆ ಕೊಡಬೇಕು."

ಅಧ್ಯಕ್ಷರು ಗೊಣಗುತ್ತಲೇ ಮಾತು ಕೊಟ್ಟರು.

ಯೋಜನೆಯ ಸುದ್ದಿ ಹೊರಬಿದ್ದ ಸಂಜೆಯೇ ಡಾಕ್ಟರಮ್ಮನ ಒಡಹುಟ್ಟಿದ ತಮ್ಮ ಕಚೇರಿಗೆ ಬಂದರು. ಜಿಲ್ಲೆಯಲ್ಲಿರುವ ಒಂದೇ ಚಿತ್ರಮಂದಿರ ಅವರದು. ಕಿಟಕಿಯೇ ಇಲ್ಲದ ಆ ಕಟ್ಟಡ ಮೂರನೆಯ ಹಂತದಲ್ಲೂ ಕಟ್ಟಕಡೆಗೆ ನಿಂತಿತ್ತು. ನಾನು ಏಳಲು ಹೋದರೆ ಡಾಕ್ಟರಮ್ಮ ಕಣ್ಣಿನಲ್ಲೇ ಕೂರಿಸಿದರು.

"ಊರಿಗೆಲ್ಲ ಬಾಗಿಲು ತೆಗೀತೀಯಾ, ತಮ್ಮನಿಗೆ ಮಾತ್ರ ಬೀಗನಾ ಅಕ್ಕಾ?"

"ನಿನ್ನ ಟಾಕೀಸಲ್ಲಿ ಗಾಳಿ ಆಡಲ್ಲ ಕಣೋ. ನಾನೇನು ಮಾಡ್ಲಿ?"

"ಬೇರೆಯವರ ಟಾಕೀಸಾಗಿದ್ರೆ?"

"ಅದಕ್ಕೂ ಇದೇ."

"ಹಾಗಾದ್ರೆ ನಿನ್ನ ತಮ್ಮನಾಗಿ ನನಗೆ ಸಿಕ್ಕಿದ್ದೇನು?"

 ಬಾಗಿಲನ್ನು ಎಳೆದುಕೊಂಡು ತಮ್ಮ ಹೋದ ರಭಸಕ್ಕೆ ಗೋಡೆಯ ಹಲಗೆ ಓರೆಯಾಯಿತು. ಆಮೇಲೆ ಅಕ್ಕತಮ್ಮಂದಿರ ನಡುವೆ ಮಾತು ನಿಂತಿತು. ತಾಯಿ ಇದ್ದದ್ದು ತಮ್ಮನ ಮನೆಯಲ್ಲಿ. ಡಾಕ್ಟರಮ್ಮ ಪ್ರತಿ ಭಾನುವಾರ ಆ ಮನೆಯ ಅಂಗಳದಲ್ಲಿ ನಿಂತು ತಾಯಿಯನ್ನು ಮಾತಾಡಿಸಿ ಬರುವರು. ಅಷ್ಟು ಹೊತ್ತೂ ತಮ್ಮನಾದವರು ಹಿತ್ತಲಿನಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುವರು. ತಾಯಿಯ ಪರಿಚಯವಿದ್ದ ನಾನೊಮ್ಮೆ ಈ ವಿಷಯ ಎತ್ತಿದಾಗ ಆ ಹಿರಿಯರು ನಕ್ಕರು. "ಚಿಕ್ಕವಳಿದ್ದಾಗಲೇ ಹೀಗೇ. ಹಾಲು ಬಿಸಿ ಇದೆಯಾ ಅಂತ ತನ್ನ ಕೈ ಮೇಲೆ ಹಾಕ್ಕೊಂಡು ನೋಡದೆ ತಮ್ಮನಿಗೆ ಕುಡಿಸ್ತಿರಲಿಲ್ಲ. ಅವನು ಹಸಿದು ಕಿರುಚೋನು. ಇವಳು ಆರಿಸ್ತಾನೇ ಇರೋಳು. ಈಗಲೂ ಅದೇ ನಡೀತಿದೆ."

ಬಯಲು ತೆರೆಯಿತು. ಮೈದಾನದ ಸಂತೆಯಲ್ಲಿ ಜನ ತರಕಾರಿಗಿಂತ ಹೆಚ್ಚಾಗಿ ಮುಖಗಳನ್ನೇ ನೋಡಿಕೊಂಡರು. ಮರದ ಕೆಳಗೆ ಕ್ಷೌರಕ್ಕೆ ಕೂತವನ ತಲೆಯ ಬಗ್ಗೆ ದಾರಿಹೋಕರೆಲ್ಲ ಸಲಹೆ ಕೊಡತೊಡಗಿದ್ದರಿಂದ ಕ್ಷೌರಿಕ ಮರಕ್ಕೊಂದು ಪರದೆ ಕಟ್ಟಿದ. ಪಕ್ಕದ ಜಿಲ್ಲೆ ಎಲ್ಲವನ್ನೂ ಒಟ್ಟಿಗೆ ತೆರೆದು, ತಿಂಗಳೊಳಗೆ ಮತ್ತೆ ಎಲ್ಲವನ್ನೂ ಮುಚ್ಚಿತು. ಆ ಸುದ್ದಿ ಬಂದಾಗ ನಮ್ಮ ಕಚೇರಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಕೋಪಿಸಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಅಲ್ಲಿ ಉಸಿರು ಕಟ್ತಿರೋದು ಮನುಷ್ಯರಿಗೆ" ಎಂದವರೇ ನಮ್ಮ ದಾದಿಯರಲ್ಲಿ ಇಬ್ಬರನ್ನೂ ಮಿಕ್ಕಿದ್ದ ಆಮ್ಲಜನಕದ ಸಿಲಿಂಡರುಗಳನ್ನೂ ಅತ್ತ ಕಳಿಸಿದರು.

ಎರಡನೆಯ ಹಂತದಲ್ಲಿ ಹೊಲಿಗೆ ಕಾರ್ಖಾನೆ ತೆರೆಯಿತು. ನಮ್ಮ ಹಳ್ಳಿಗಳ ಹೆಂಗಸರಲ್ಲಿ ಬಹುಪಾಲು ಮಂದಿಗೆ ಅದೇ ಆಧಾರ. ಯಂತ್ರಗಳ ಸದ್ದು ಬೀದಿಗೆ ಕೇಳಿಸತೊಡಗಿ ಊರಿಗೆ ಊರೇ ನೆಮ್ಮದಿಪಟ್ಟಿತ್ತು. ಒಂದು ಬೆಳಿಗ್ಗೆ ಆ ಕಾರ್ಖಾನೆಯ ಮೇಲ್ವಿಚಾರಕಿ ಆರೋಗ್ಯ ಕಚೇರಿಯ ಅಂಗಳಕ್ಕೆ ಬಂದು, ಗೇಟಿನ ಆಚೆಯೇ ನಿಂತು ಕೂಗಿದಳು.

"ಡಾಕ್ಟರಮ್ಮಾ, ಹತ್ತಿರ ಬರಬೇಡಿ. ನನಗೆ ರಾತ್ರಿಯಿಂದ ಜ್ವರ. ವಾಸನೆ ಗೊತ್ತಾಗ್ತಿಲ್ಲ. ನೀವು ಹೇಳಿ ಅಂದಿದ್ರಲ್ಲ, ಅದಕ್ಕೇ ಬಂದೆ." ಆಮೇಲೆ ದನಿ ಕುಗ್ಗಿಸಿ, "ಕಾರ್ಖಾನೆ ಮುಚ್ಚಿಸಿಬಿಡ್ತೀರಾ? ಹೆಂಗಸರು ನನ್ನನ್ನ ಶಪಿಸ್ತಾರೆ" ಎಂದಳು.

"ನೀನು ಬಂದಿದ್ದೀಯಲ್ಲ, ಅದಕ್ಕೇ ಮುಚ್ಚಬೇಕಾಗಿಲ್ಲ," ಎಂದರು ಡಾಕ್ಟರಮ್ಮ.

ಅಷ್ಟು ಸುಲಭವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಜೊತೆ ಕೂರುವ ಇನ್ನೂ ಕೆಲವರಿಗೆ ಸೋಂಕು ಇರುವುದು ಗೊತ್ತಾಯಿತು. ಎಲ್ಲ ತೆರೆಯಬೇಕೆಂದು ಮೇಜು ಕುಟ್ಟಿದ್ದ ಅಧ್ಯಕ್ಷರು ಈಗ ಎಲ್ಲ ಮುಚ್ಚಬೇಕೆಂದು ಅದೇ ಮೇಜು ಕುಟ್ಟಿದರು. ಸಂತೆ, ಶಾಲೆ, ಬಸ್ಸು, ಎಲ್ಲ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ನಿಮ್ಮ ಶಾಸ್ತ್ರದಲ್ಲಿ ಇನ್ನೂ ಇದೆಯಾ?"

"ಇಲ್ಲ ಮೇಡಂ, ನಮ್ಮಲ್ಲೂ ಬಿಟ್ಟುಬಿಟ್ಟಿದ್ದಾರೆ," ಎಂದೆ. ಅಧ್ಯಕ್ಷರಿಗೂ ನಗು ಬಂತು, ಮೇಜು ಉಳಿಯಿತು.

ಡಾಕ್ಟರಮ್ಮ ಮುಚ್ಚಿಸಿದ್ದು ಮೇಲ್ವಿಚಾರಕಿ ಕೂರುತ್ತಿದ್ದ ಹೊಲಿಗೆಯ ಆ ಒಂದು ಸಾಲನ್ನು ಮಾತ್ರ. ಆ ಸಾಲಿನ ಹೆಂಗಸರನ್ನೂ ಅವರ ಮನೆಯವರನ್ನೂ ಮನೆಯಲ್ಲೇ ಉಳಿಸಿ, ಕೊಟ್ಟ ಮಾತಿನಂತೆ ಊಟ ಕಳಿಸಿ, ಪ್ರತಿದಿನ ಕಿಟಕಿಯಾಚೆ ನಿಂತು ವಿಚಾರಿಸಿದರು. ಅಪಾಯ ತಮ್ಮ ತಲೆಯ ಮೇಲಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೋಂಕು ಆ ಸಾಲನ್ನು ದಾಟಿ ಹೋಗಿದ್ದರೆ ಹೊಣೆ ಇಡೀ ಅವರದೇ. ಆ ದಿನಗಳಲ್ಲಿ ಅವರು ತಟ್ಟೆಯ ಅನ್ನವನ್ನು ಕಲಸಿ ಹಾಗೇ ಬಿಡುತ್ತಿದ್ದುದನ್ನೂ, ದೂರವಾಣಿ ಸದ್ದು ಮಾಡಿದಾಗಲೆಲ್ಲ ಒಂದು ಗಳಿಗೆ ಕಣ್ಣು ಮುಚ್ಚಿ ಆಮೇಲೆ ಎತ್ತಿಕೊಳ್ಳುತ್ತಿದ್ದುದನ್ನೂ ನಾನು ಕಂಡಿದ್ದೇನೆ. "ನಾನು ತಪ್ಪು ಮಾಡಿದ್ರೆ?" ಎಂದು ಒಮ್ಮೆ ಕೇಳಿದರು.  ನಾನು ಅವರ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದೆ.

ಕೊನೆಯ ಪರೀಕ್ಷೆಗಳ ಫಲಿತಾಂಶ ಬಂದ ಬೆಳಿಗ್ಗೆ ಕಚೇರಿಯ ಜಗಲಿಯಲ್ಲಿ ದಾದಿಯೊಬ್ಬಳು ಗಟ್ಟಿಯಾಗಿ ಓದುತ್ತ ಹೋದಳು: ಇಲ್ಲ, ಇಲ್ಲ, ಇಲ್ಲ. ಕಾರ್ಖಾನೆಯ ಬೇರೆ ಯಾರಿಗೂ ಸೋಂಕು ಇರಲಿಲ್ಲ, ಹಳ್ಳಿಗಳಲ್ಲೂ ಇರಲಿಲ್ಲ. ಆಸ್ಪತ್ರೆ ಸೇರಿದ್ದ ಮೇಲ್ವಿಚಾರಕಿ ಎದ್ದು ಕೂತು, ಸಾರಿಗೆ ಉಪ್ಪು ಕಡಿಮೆಯೆಂದು ಜಗಳವಾಡಿದ್ದಾಳೆಂಬ ಸುದ್ದಿಯೂ ಬಂತು. ಎಂದರೆ ರುಚಿ ಮರಳಿತ್ತು. ಡಾಕ್ಟರಮ್ಮ ಜಗಲಿಯ ಕಂಬಕ್ಕೆ ಒರಗಿ ನಕ್ಕರು, ನಗುತ್ತಲೇ ಅತ್ತರು. ಅಧ್ಯಕ್ಷರು ತಾವೇ ಹೋಗಿ ಟೀ ತಂದುಕೊಟ್ಟರು. ಅದಕ್ಕೆ ಸಕ್ಕರೆ ಹಾಕಲು ಮರೆತಿದ್ದರು. ಅಷ್ಟು ಒಳ್ಳೆಯ ಟೀಯನ್ನು ನಾವ್ಯಾರೂ ಕುಡಿದಿರಲಿಲ್ಲ.

ಮೂರನೆಯ ಹಂತ ಬರುವ ಹೊತ್ತಿಗೆ ಒಂದು ದಿನ ಚಿತ್ರಮಂದಿರದ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಅಲ್ಲಿ ನಾಟಕಗಳನ್ನು ಆಡುತ್ತಿದ್ದ ಕಾಲದಲ್ಲಿ ಅದಕ್ಕೂ ಎತ್ತರದ ಕಿಟಕಿಗಳಿದ್ದವಂತೆ; ಸಿನಿಮಾ ಬಂದಾಗ ಕತ್ತಲೆಗಾಗಿ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ತಮ್ಮನೇ ಗಾರೆಯವರನ್ನು ಕರೆಸಿ ಅವನ್ನೆಲ್ಲ ಒಡೆಸಿ, ಬೆಳಕು ತಡೆದು ಗಾಳಿ ಬಿಡುವ ಓರೆಹಲಗೆಗಳನ್ನು ಕೂರಿಸಿ, ಎದುರು ಗೋಡೆಗೆ ದೊಡ್ಡ ಪಂಖಗಳನ್ನು ಹಾಕಿಸಿದ್ದರು. ಅಕ್ಕನಿಗೆ ತಾವಾಗಿ ಹೇಳಲಿಲ್ಲ. ನನ್ನ ಮೂಲಕ ಹೇಳಿಸಿದರು. "ನಿಮ್ಮ ಮೇಡಮ್ಮಿಗೆ ಬಂದು ನೋಡೋಕೆ ಹೇಳಿ."

ಮೇಡಂ ಬಂದರು. ಖಾಲಿ ಕುರ್ಚಿಗಳ ನಡುವೆ ನಡೆದು, ಪರದೆಯ ಪಕ್ಕದ ದೂರದ ಮೂಲೆಯಲ್ಲಿ ಕೋಲು ಹಿಡಿದು ನಿಂತರು. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು ತಮ್ಮ. ಉಣ್ಣೆಯ ಎಳೆ ಮೊದಲು ಸುಮ್ಮನೆ ಜೋತುಬಿದ್ದಿತ್ತು. ಆಮೇಲೆ ತುಸು ನಡುಗಿತು. ಮೆಲ್ಲಗೆ ಒಂದು ಕಡೆಗೆ ಬಾಗಿ ಹಾಗೇ ನಿಂತಿತು.

"ಅಕ್ಕಾ, ಆಡ್ತು!" ಎಂದು ಕೂಗಿದರು ತಮ್ಮ, ಮಗುವಿನಂತೆ.

"ಕಂಡೆ ಕಣೋ, ಕಂಡೆ," ಎಂದರು ಅಕ್ಕ. "ಎಷ್ಟು ಒಡೆಸಿದ್ಯೋ ಮಾರಾಯ! ಗೋಡೆ ಉಳಿಸಿದ್ದೀಯಾ?"

ಚಿತ್ರಮಂದಿರ ತೆರೆದ ಮೊದಲ ಮಧ್ಯಾಹ್ನ, ಒಂದು ಕುರ್ಚಿ ಬಿಟ್ಟು ಒಂದರಂತೆ ಕೂತ ಪ್ರೇಕ್ಷಕರಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೆವು. ಮುಂದಿನ ಸಾಲಿನಲ್ಲಿ ಡಾಕ್ಟರಮ್ಮ, ಒಂದು ಕುರ್ಚಿಯಾಚೆ ಅವರ ತಾಯಿ. ದೀಪ ಆರಿ ಹೆಸರುಗಳು ಬರುವಷ್ಟರಲ್ಲೇ ಡಾಕ್ಟರಮ್ಮನ ತಲೆ ವಾಲಿತು. ಪರದೆಯ ಮೇಲೆ ಹೊಡೆದಾಟ ನಡೆಯಿತು, ಮದುವೆ ನಡೆಯಿತು, ಗುಂಡು ಹಾರಿತು, ಅವರು ಏಳಲಿಲ್ಲ. ಚಿತ್ರ ಮುಗಿದು ದೀಪ ಹಾಕಲು ಹೊರಟ ಕೆಲಸದವನ ಕೈಯನ್ನು ತಮ್ಮ ಹಿಡಿದುಕೊಂಡರು. "ಬೇಡ. ಮಲಗ್ಲಿ." ಪ್ರೇಕ್ಷಕರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ಕತ್ತಲಲ್ಲಿ ಸಾಲಾಗಿ, ಸದ್ದಿಲ್ಲದೆ ಹೊರನಡೆದರು.

ನಮ್ಮ ಜಿಲ್ಲೆಯನ್ನು ಮತ್ತೆ ಮುಚ್ಚಬೇಕಾಗಿ ಬರಲಿಲ್ಲ. ಎಲ್ಲರನ್ನೂ ಉಳಿಸಿಕೊಂಡೆವೆಂದಲ್ಲ, ಕಳೆದುಕೊಂಡವರ ಹೆಸರುಗಳನ್ನು ಡಾಕ್ಟರಮ್ಮ ಒಂದನ್ನೂ ಮರೆತಿಲ್ಲ. ಆದರೆ ಇಂದು ಈ ಬೀದಿಗಳಲ್ಲಿ ಓಡಾಡುವ ಎಷ್ಟೋ ಮಂದಿ ತಾವು ಯಾರ ದೆಸೆಯಿಂದ ಓಡಾಡುತ್ತಿದ್ದೇವೆಂದು ತಿಳಿಯದೆಯೇ ಓಡಾಡುತ್ತಿದ್ದಾರೆ. ಹಾಗೆ ತಿಳಿಯದಿರುವುದೇ ತಮ್ಮ ಕೆಲಸ ಸರಿಯಾಗಿ ಆಯಿತೆನ್ನಲು ಸಾಕ್ಷಿ ಎನ್ನುತ್ತಾರೆ ಅವರು.

ನಿವೃತ್ತಿಯ ನಂತರ ದಾದಿಯರ ತರಬೇತಿ ಶಾಲೆಯಲ್ಲಿ ಪಾಠ ಹೇಳಲು ಒಪ್ಪಿಕೊಂಡಿದ್ದಾರೆಂದು ಕೇಳಿ ಸಂತೋಷವಾಯಿತು. ವೈದ್ಯರಿಗೆ ಇಷ್ಟು ವರ್ಷ ಬದುಕಿ ಎಂದು ಲೆಕ್ಕ ಹಾಕಿ ಹಾರೈಸುವುದು ಅಧಿಕಪ್ರಸಂಗವಾದೀತು. ಆ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. ಅವರ ಶಿಷ್ಯೆಯರು ಹಳ್ಳಿಹಳ್ಳಿಗೆ ಹರಡಲಿ, ಅವರೆಲ್ಲ ಮುದುಕಿಯರಾಗಿ ನಿವೃತ್ತರಾಗುವ ಸಮಾರಂಭಕ್ಕೆ ಡಾಕ್ಟರಮ್ಮನೇ ಅಧ್ಯಕ್ಷತೆ ವಹಿಸಲಿ, ಮತ್ತು ಭಾಷಣಗಳು ದೀರ್ಘವಾದಲ್ಲಿ ವೇದಿಕೆಯ ಮೇಲೆಯೇ ನಿಶ್ಚಿಂತೆಯಿಂದ ನಿದ್ದೆ ಮಾಡಲಿ. ಅವರನ್ನು ಎಬ್ಬಿಸುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ.